ಕೌದಿಗೆ ಇಡದ ರೊಟ್ಟಿ

ಮೊಮ್ಮಗಳಿಗೆಂದು ಮಗಳು ತರಿಸಿದ ಕೌದಿಯ ಪೊಟ್ಟಣವನ್ನು ಇವತ್ತು ಬಿಚ್ಚಿದೆ. ಹಳೆ ಸೀರೆಗಳ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಜಗಳೂರಿನ ನಮ್ಮ ಪಡಸಾಲೆಯಲ್ಲಿದ್ದೆ.

ಅಜ್ಜಿ ತನ್ನ ಹರಿದ ಸೀರೆ, ಅಪ್ಪನ ಸವೆದ ಪಂಚೆ, ನನ್ನ ಲಂಗದ ತುಂಡುಗಳನ್ನು ಜೋಡಿಸಿ, ಆಗತಾನೇ ಹುಟ್ಟಿದ ತಮ್ಮನಿಗೆ ಕೌದಿ ಹೊಲಿಯುತ್ತಿದ್ದಳು. ಕೊನೆಯ ತೇಪೆಯೊಳಗೆ ಚೂರು ರೊಟ್ಟಿ ಇಟ್ಟು ಮುಚ್ಚುವುದು ಅವಳ ಪದ್ಧತಿ.

"ಕೌದಿ ಹಸ್ಕಂಡಿರಬಾರ್ದು ಕಣವ್ವ. ಹಸಿದ್ರೆ ಹೊದ್ದೋರನ್ನೇ ತಿಂತೈತೆ" ಎಂದು ಚೂರನ್ನು ನನ್ನ ಕೈಗಿಟ್ಟು, ದಾರ ಪೋಣಿಸಲು ಬಾಗಿಲ ಬೆಳಕಿಗೆ ತಿರುಗಿದಳು. ಬೆಣ್ಣೆ ಸವರಿದ ರೊಟ್ಟಿ. ತಿಂದುಬಿಟ್ಟೆ.

"ಒಳಗಿಟ್ಯಾ?" ಎಂದಳು.

"ಹೂಂ" ಎಂದೆ. ಕಣ್ಣು ಮಂಜಾಗಿದ್ದ ಅಜ್ಜಿ ಹೊಲಿದು ಮುಗಿಸಿದಳು.

ಮಧ್ಯಾಹ್ನ ತಮ್ಮನಿಗೆ ಅದನ್ನೇ ಹೊದಿಸಿದರು. ಕೌದಿ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅಗಿಯುತ್ತಿದೆ ಎಂದುಕೊಂಡೆ. ಕಿರುಚಿ ಕೌದಿಯನ್ನು ಎಳೆದು ಬಿಸಾಡಿದೆ. ತಮ್ಮ ಬೆಚ್ಚಿಬಿದ್ದು ಅತ್ತ.

ಓಡಿಬಂದ ಅಜ್ಜಿಗೆ ಬಿಕ್ಕುತ್ತಾ ಎಲ್ಲ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು. "ಮೊದ್ಲೇ ಹೇಳಬಾರ್ದೇನೇ?" ಎನ್ನುತ್ತಾ ಗಡಿಬಿಡಿಯಿಂದ ಹೊಲಿಗೆ ಬಿಚ್ಚತೊಡಗಿದಳು. ಅಜ್ಜಿಯೂ ಹೆದರಿದ್ದನ್ನು ಕಂಡಾಗಲೇ ನನ್ನ ಜೀವ ಬಾಯಿಗೆ ಬಂದದ್ದು.

ಇವತ್ತಿನ ಕೌದಿಯ ತೇಪೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಯಾವುದರೊಳಗೂ ಏನಿಲ್ಲ.

"ಏನಮ್ಮ ಹುಡುಕ್ತಿದೀಯ? ಕೊಡು, ಪಾಪುಗೆ ಹೊದಿಸ್ತೀನಿ" ಎಂದಳು ಮಗಳು.

ಕೌದಿಯನ್ನು ಎದೆಗವಚಿಕೊಂಡೆ.

"ಮೊದ್ಲು ಒಂದು ರೊಟ್ಟಿ ತಟ್ಟವ್ವ. ಆಮೇಲೆ ಹೊದಿಸು."