ಬಾಡದ ದಾರಿಯ ಬುಟ್ಟಿ

ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು, ಭಟ್ಕಳಕ್ಕೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥದರಲ್ಲಿ ಕುಮಟೆಯ ಆಚೆ ಬಾಡ ಎಂಬ ಊರಿನಿಂದ ತಂಗಿಯ ಗಂಡನ ಕಾರ್ಡು ಬಂತು: ‘ಜ್ವರ ಇಳಿಯುತ್ತಿಲ್ಲ. ನಿಮ್ಮನ್ನೇ ಕೇಳುತ್ತಾಳೆ. ಬೇಗ ಹೊರಡಿ.’ ಒಡಹುಟ್ಟಿದವಳೆಂದು ನನಗಿದ್ದದ್ದು ಅವಳೊಬ್ಬಳೇ. ಬಸ್ಸಿಗೆ ಕಾಯುವ ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ. ಬೆಳಕು ಹರಿಯುತ್ತಲೇ ಸೈಕಲ್ ಹತ್ತಿದೆ.

ಕಾಯ್ಕಿಣಿಯವರೆಗೆ ದಾರಿಯಲ್ಲಿ ಜನರಿದ್ದರು, ಎತ್ತಿನಗಾಡಿಗಳಿದ್ದವು. ಶರಾವತಿ ದಾಟಿಸಿದ ದೋಣಿಯವನು ನನ್ನ ಸೈಕಲ್ ಇಳಿಸಿಕೊಡುತ್ತಾ, ‘ಆಚೆ ಊರಲ್ಲೆಲ್ಲ ಅಮ್ಮನ ಬೇನೆ. ಎಲ್ಲೂ ನಿಲ್ಲೂಕೆ ಹೋಗ್ಬೇಡಿ’ ಎಂದ. ನಾನು ಶಾಲಾ ಮಾಸ್ತರ. ಅಂಗಿಯ ತೋಳು ಮಡಚಿ, ಸಿಡುಬಿನ ಚುಚ್ಚುಮದ್ದಿನ ಕಲೆ ತೋರಿಸಿ, ಅವನಿಗೊಂದು ಸಣ್ಣ ಪಾಠವನ್ನೂ ಮಾಡಿ ಹೊರಟೆ.

ಹೊನ್ನಾವರ ಹಿಂದೆ ಬಿದ್ದ ಮೇಲೆ ದಾರಿ ಬರಿದಾಯಿತು. ನಡು ಮಧ್ಯಾಹ್ನ, ನಾಯಿಯ ಬೊಗಳು ಕೂಡ ಇಲ್ಲ. ಒಂದು ಊರಿನ ಗಡಿಯಲ್ಲಿ ದಾರಿಯ ನಟ್ಟನಡುವೆ ಹೊಸ ಬಿದಿರಿನ ಬುಟ್ಟಿ ಇತ್ತು. ಒಳಗೆ ಕೆಂಪು ಬಟ್ಟೆ, ಹಸಿರು ಬಳೆ, ಅನ್ನದ ಉಂಡೆ, ಕಣ್ಣು ಬರೆದ ಮರದ ಗೊಂಬೆ. ಬೇನೆ ಬಿದ್ದ ಊರಿನವರು ಮಾರಿಯನ್ನು ಹೀಗೆ ಗಡಿಗೆ ತಂದಿಡುತ್ತಾರೆ. ಮುಂದಿನ ಊರಿನವರು ಅದನ್ನು ತಮ್ಮ ಗಡಿ ದಾಟಿಸುತ್ತಾರೆ. ಊರಿಂದೂರಿಗೆ ಹೋಗಿ ಕೊನೆಗೆ ಅದು ಕಡಲು ಸೇರಬೇಕು. ನನಗೆ ಇದು ಗೊತ್ತಿಲ್ಲದ್ದೇನಲ್ಲ. ಸುತ್ತಿ ಹೋಗಬಹುದಿತ್ತು, ಆದರೆ ಜಂಬ ಬಿಡಬೇಕಲ್ಲ. ಇಳಿದು, ಬುಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟೆ.

ಗೇರುಮರಗಳ ಹಿಂದಿನಿಂದ ನಾಲ್ಕು ಜನ ಎದ್ದು ನಿಂತರು. ಅಷ್ಟು ಹೊತ್ತೂ ಅವರು ಅಲ್ಲೇ ಕೂತಿದ್ದರು.

‘ಮುಟ್ಟಿದ್ರಿ ಅಲ್ಲ, ಇನ್ನು ನೀವೇ ತಗಂಡು ಹೋಗೂದು’ ಎಂದ ಒಬ್ಬ ಮುದುಕ.

‘ನಿಮಗೆಂತ ಮರುಳೇ?’ ಎಂದೆ.

‘ಇಳ್ಸೂದು ಕಡಲಲ್ಲೇ. ಆತು, ನಡೀರಿ.’

ಉಳಿದವರ ಕೈಯಲ್ಲಿ ಕತ್ತಿಗಳಿದ್ದವು. ಸಿಟ್ಟಿನಿಂದ ಬುಟ್ಟಿಯನ್ನು ಕ್ಯಾರಿಯರಿಗೆ ಕಟ್ಟಿದೆ. ಒಂದು ತಿರುವು ದಾಟಿ ಎಸೆದುಬಿಟ್ಟರಾಯಿತು ಎಂದುಕೊಂಡೆ. ಆದರೆ ತಿರುವಿನಲ್ಲಿ ಇನ್ನಿಬ್ಬರು ನಿಂತಿದ್ದರು, ಅದರ ಮುಂದೆ ಇನ್ನಿಬ್ಬರು. ಯಾರೂ ಹತ್ತಿರ ಬರಲಿಲ್ಲ. ಊರು ಹೊಕ್ಕರೆ ನನ್ನ ಮುಂದೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ತಿರುಗಿ ನೋಡಿದರೆ ಹೆಂಗಸರು ನನ್ನ ಚಕ್ರದ ಗುರುತಿನ ಮೇಲೆ ಸಗಣಿ ನೀರು ಚಿಮುಕಿಸುತ್ತಿದ್ದರು. ಏರಿನಲ್ಲಿ, ಯಾರೋ ಹಿಂದೆ ಕೂತ ಹಾಗೆ ಸೈಕಲ್ ಭಾರವಾಯಿತು. ಉಸಿರು ತಿರುಗಿಸಿಕೊಳ್ಳಲು ನಿಂತೆ. ಸೈಕಲ್ ನಿಂತ ಮೇಲೂ ಬುಟ್ಟಿಯೊಳಗೆ ಬಳೆಗಳು ಸದ್ದು ಮಾಡುತ್ತಿದ್ದವು. ಗಾಳಿ ಇರಲಿಲ್ಲ. ಹೆದರಿದೆ ಎಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ.

ಕುಮಟೆ ದಾಟಿ ಬಾಡದ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಕಾವಲು ನಿಂತವರು ಆಗ ಯಾರೂ ಇರಲಿಲ್ಲ. ಎಲ್ಲಾದರೂ ಇಳಿಸಿಬಿಡಬಹುದಿತ್ತು. ಆದರೆ ಇಳಿಸಿದ ಜಾಗದಲ್ಲೇ ಅದು ನೆಲೆಯಾಗುತ್ತದೆ ಎಂಬ ಮಾತು, ನಾನು ನಂಬದ ಮಾತು, ಕೈ ತಡೆಯಿತು. ಕಡಲಿಗೆ ಹೋಗಬೇಕಾದರೆ ತಂಗಿಯ ಮನೆಯ ಮುಂದೆಯೇ ಹೋಗಬೇಕು.

ಅವಳನ್ನು ಜಗುಲಿಯಲ್ಲಿ ಮಲಗಿಸಿದ್ದರು. ನನ್ನನ್ನು ಕಂಡು ಮೊಣಕೈ ಊರಿ ಎದ್ದಳು.

‘ಅಣ್ಣಾ, ಬಂದ್ಯಾ?’

ಬೆನ್ನ ಹಿಂದೆ ಮಾರಿಯನ್ನು ಕಟ್ಟಿಕೊಂಡು ಅವಳ ಅಂಗಳಕ್ಕೆ ಹೇಗೆ ಕಾಲಿಡಲಿ? ಉತ್ತರ ಕೊಟ್ಟರೆ ನಿಲ್ಲಬೇಕಾಗುತ್ತದೆ. ತಲೆ ತಗ್ಗಿಸಿ ಪೆಡಲ್ ತುಳಿದೆ. ‘ಅಣ್ಣಾ’ ಎಂದು ಇನ್ನೊಮ್ಮೆ ಕರೆದದ್ದು ಕೇಳಿಸಿತು.

ಬುಟ್ಟಿಯನ್ನು ತೆರೆಗೆ ಬಿಟ್ಟು ಮುಳುಗು ಹಾಕಿದೆ. ಮಾರಿ ಬಿಟ್ಟವನು ಮರುದಿನ ಸೂರ್ಯ ಹುಟ್ಟುವ ಮೊದಲು ಯಾರ ಮನೆಯನ್ನೂ ಹೊಗಬಾರದು. ಶಾಲೆಯಲ್ಲಿ ಮೌಢ್ಯವನ್ನು ಗೇಲಿ ಮಾಡುತ್ತಿದ್ದ ಈ ಮಾಸ್ತರ ಅದನ್ನೂ ಪಾಲಿಸಿ, ಒದ್ದೆ ಬಟ್ಟೆಯಲ್ಲಿ ದಂಡೆಯ ದೋಣಿಯೊಂದರ ಮರೆಯಲ್ಲಿ ಬೆಳಗು ಮಾಡಿದ.

ಬೆಳಗ್ಗೆ ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ದೀಪ ಹಚ್ಚುವ ಹೊತ್ತಿಗೇ ಹೋದಳಂತೆ. ಅವಳ ಗಂಡ ನನ್ನನ್ನು ಪಕ್ಕಕ್ಕೆ ಕರೆದ. ಬೈದಿದ್ದರೆ ಒಳ್ಳೆಯದಿತ್ತು.

‘ಅಣ್ಣ ಎಂತಕ್ಕೆ ನಿಲ್ಲಲಿಲ್ಲ ಅಂತ ಕೇಳ್ತಾ ಇದ್ದಳು, ಭಾವ’ ಎಂದ. ‘ಅದು ನೀವಲ್ಲ, ಬೇರೆ ಯಾರೋ ಅಂತ ಹೇಳ್ದೆ. ಅವಳು ನಂಬ್ಲಿಲ್ಲ.’