ಗದ್ದದ ಮೇಲಿನ ನೀಲಿ ಹೊಲಿಗೆ

ದಿನಕ್ಕೆರಡು ಸಲ ಬೋಳಿಸಿದರೂ ಕಾಕಾರ ಗದ್ದ ನೀಲಿಯಾಗಿಯೇ ಕಾಣುತ್ತಿತ್ತು. ಕಿವಿಯ ಹಿಂದೆ ಮಾತ್ರ ವೇಷಕ್ಕೆ ಬಳಿದ ಅರದಾಳದ ಹಳದಿ, ಎಷ್ಟು ತಿಕ್ಕಿದರೂ ಹೋಗದೆ ಉಳಿದಿತ್ತು. ಬ್ಯಾಡಗಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ನಮಗೆ ಸಂಬಂಧಿಕರಲ್ಲ, ಓಣಿಗೆಲ್ಲ ಕಾಕಾ. ಇಪ್ಪತ್ತು ವರ್ಷ ಸಣ್ಣಾಟದಲ್ಲಿ ಹೆಣ್ಣಿನ ಪಾತ್ರ ಮಾಡಿದವರು. ಕರ್ಜಗಿ, ಮೇಡ್ಲೇರಿ ಕಡೆಯ ಹೆಂಗಸರು ಇವರನ್ನು ನೋಡಿಯೇ ಸೆರಗು ಹೊದೆಯಲು ಕಲಿತರಂತೆ. ಹೇಳಿದ್ದು ಕಾಕಾರೇ ಆದ್ದರಿಂದ ಅರ್ಧ ನಂಬಬಹುದು.

ಎಂಬತ್ತರ ದಶಕದಲ್ಲಿ ಆಟದಲ್ಲಿ ಪಾತ್ರಕ್ಕೆ ಹೆಣ್ಣುಮಕ್ಕಳೇ ಬರತೊಡಗಿದ ಮೇಲೆ ಕಾಕಾರನ್ನು ಯಾರೂ ಕರೆಯಲಿಲ್ಲ. ಅವರು ಪಾತ್ರದ ಇಳಕಲ್ ಸೀರೆಗಳನ್ನು ಕತ್ತರಿಸಿ ಕಸೂತಿ ಹಾಕುತ್ತ ಕುಳಿತರು. ಊರಿನವರೆಲ್ಲ ನವಿಲು, ಗೋಪುರ ಹಾಕಿದರೆ ಇವರು ಹಾಕಿದ್ದು ಸೀಮೆಎಣ್ಣೆ ಸ್ಟೋವು, ಉಕ್ಕುವ ಹಾಲು, ಕಾಲು ಚಾಚಿ ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸು. ಆ ಹೆಂಗಸರ ಗದ್ದದ ಮೇಲೆ ನೀಲಿ ದಾರದ ಸಣ್ಣ ಸಣ್ಣ ಹೊಲಿಗೆ. ಓಣಿಯ ಗಂಡಸರು ಎದುರಿಗೇ ನಕ್ಕರು, ಹೆಂಗಸರು ಬಾಗಿಲು ಹಾಕಿಕೊಂಡು ನಕ್ಕರು.

ನನಗೆ ಸೂಜಿ ಹಿಡಿಸಿದ್ದು ಅವರೇ. ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಎಲ್ಲಿಯೂ ಗಂಟು ಬೀಳಬಾರದು, ತಿರುವಿ ನೋಡಿದರೆ ಹಿಂದೂ ಮುಂದೂ ಒಂದೇ ಕಾಣಬೇಕು. ನಾನು ಕದ್ದು ಗಂಟು ಹಾಕಿದರೆ ಬೆರಳಲ್ಲಿ ತಡವಿ ಹಿಡಿಯುತ್ತಿದ್ದರು.

"ನೀ ಹೊಲ್ಯಾಕತ್ತಿದ್ದು ಗೋಣಿಚೀಲ ಅಲ್ಲ ತಂಗಿ. ಬಿಚ್ಚು, ಮೊದಲಿಂದ ಹಾಕು."

ಹಾವೇರಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಾಗ ನನ್ನ ಕಸೂತಿ ಇನ್ನೂ ಸೊಟ್ಟಪಟ್ಟ. ಅವ್ವ ಕಾಕಾರ ಹತ್ತಿರ ಆ ಮೆಣಸಿನಕಾಯಿ ಹೆಂಗಸಿನ ಬಟ್ಟೆ ಕೇಳಿ ತಂದು, ಬಂದವರೆದುರು ಹಾಸಿ, "ಹುಡುಗೀನ ಹಾಕ್ಯಾಳ್ರಿ" ಎಂದಳು. ಕಾಕಾರನ್ನು ಹೊರಗೆ ಹಿತ್ತಲ ಕಟ್ಟೆಯ ಮೇಲೆ ಕೂರಿಸಿದ್ದರು. ಅಂಥವರು ಮನೆಯೊಳಗೆ ಯಾಕೆಂದು ಬೀಗರು ಕೇಳಿಬಿಟ್ಟರೆ ಎಂಬ ಭಯ. ಮುಂದೆ ನನ್ನ ಅತ್ತೆಯಾದವರು ಬಟ್ಟೆ ತಿರುವಿ ನೋಡಿ ಮೆಚ್ಚಿದರು. ಆಮೇಲೆ ಬೆರಳಿಟ್ಟು ಕೇಳಿದರು.

"ಗದ್ದದ ಮ್ಯಾಲ ಇದೇನವ್ವಾ?"

"ಎಳಿ ಎಣಿಸೂದು ತಪ್ಪೈತ್ರಿ," ಎಂದೆ.

ಅವರು ಹೋದ ಮೇಲೆ, ಕಟ್ಟೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಕಾಕಾ ಒಳಗೆ ಬಂದರು.

"ಅದು ತಪ್ಪಲ್ಲ ತಂಗಿ, ಅದು ನಾನು. ಈ ಕಸೂತಿ ಅರಿವಿ ನೀನ ಇಟ್ಕೋ. ಲಗ್ನಾದಮ್ಯಾಲ ಒಂದಿನ ಇದನ್ನ ಯಾರು ಹಾಕ್ಯಾರಂತ ಹೇಳು. ನನಗ ಮತ್ತೇನೂ ಬ್ಯಾಡ."

"ಖರೇ ಹೇಳ್ತೀನಿ ಕಾಕಾ," ಎಂದೆ.

ಹೇಳಲಿಲ್ಲ. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ "ನಮ್ಮ ಸೊಸಿ ಹಾಕಿದ್ದು" ಎನ್ನುವರು. ಮೊದಮೊದಲು ನನಗೆ ಅಂಜಿಕೆಯಿತ್ತು. ಆಮೇಲೆ ಆ ಹೊಗಳಿಕೆ ರುಚಿಸತೊಡಗಿತು. ಮುಚ್ಚಿಡುವುದೇಕೆ, ಚೆನ್ನಾಗಿಯೇ ರುಚಿಸಿತು.

ನನ್ನ ಮಗ ಹುಟ್ಟಿದ ವರ್ಷ ಕಾಕಾ ಹಾವೇರಿಗೆ ಬಂದರು. ಕೂಸಿಗೆಂದು ಹೊಲಿದ ಕೌದಿ ಕಂಕುಳಲ್ಲಿತ್ತು. ಹೊಸ್ತಿಲಲ್ಲೇ ನಿಂತು ಗೋಡೆಯ ಮೇಲಿನ ಬಟ್ಟೆ ನೋಡಿದರು. ಮುಖ ಅರಳಿತು. ಅಷ್ಟರಲ್ಲಿ ಅತ್ತೆ ಹೊರಬಂದರು.

"ಯಾರವ್ವಾ ಇವ್ರು?"

"ಬ್ಯಾಡಗಿಯವ್ರು ಅತ್ತಿ. ಮೆಣಸಿನಕಾಯಿ ಕೊಡಾಕ ಬಂದಾರ್ರಿ."

ಕಾಕಾ ಒಮ್ಮೆ ನನ್ನನ್ನು ನೋಡಿದರು. ಮರುಕ್ಷಣವೇ ಬೆನ್ನು ಬಾಗಿಸಿ, ದನಿ ಒರಟು ಮಾಡಿಕೊಂಡು ವ್ಯಾಪಾರದವರಾಗಿಬಿಟ್ಟರು.

"ಹೌದ್ರಿ ಅಕ್ಕಾರ, ಈ ಸಲ ಬಣ್ಣ ಛಲೋ ಐತ್ರಿ. ಚೀಲ ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟು ಬಂದೇನಿ, ಲಗೂನ ತರ್ತೀನಿ."

ಕೌದಿಯನ್ನು ಹಾಗೆಯೇ ಅವಚಿಕೊಂಡು ಹೋದರು. ಮತ್ತೆ ಬರಲಿಲ್ಲ. ಸಂಜೆಯ ತನಕ ಅತ್ತೆ ಆ ಮೆಣಸಿನಕಾಯಿಯ ದಾರಿ ಕಾಯ್ದರು.

ಎರಡು ವರ್ಷ ಕಳೆದ ಮೇಲೆ ನನ್ನ ತಮ್ಮ ಬಂದು ಕಾಕಾ ತೀರಿಹೋದ ಸುದ್ದಿ ಹೇಳಿದ. ಅವರ ಕಸೂತಿಯ ಬಟ್ಟೆಗಳಿಂದ ಅವರ ಅಣ್ಣನ ಮಕ್ಕಳು ಸೈಕಲ್ ಒರೆಸುತ್ತಿದ್ದಾರೆ ಎಂದೂ ಹೇಳಿದ. ನಾನು ಒಲೆಯ ಮುಂದೆ ಕುಳಿತು ಅಳತೊಡಗಿದೆ. ಅತ್ತೆ ಗಾಬರಿಯಾಗಿ ಓಡಿಬಂದರು.

"ಯಾರು ಹೋದ್ರವ್ವಾ? ನಿನಗೇನಾಗಬೇಕು ಅವರು? ಸೂತಕಂತ ತಲಿಮ್ಯಾಲ ನೀರು ಹಾಕ್ಕೋಬೇಕೇನು?"

"ಏನೂ ಆಗಬೇಕಿಲ್ರಿ," ಎಂದು ಕಣ್ಣೊರೆಸಿಕೊಂಡು ರೊಟ್ಟಿಗೆ ಹಿಟ್ಟು ಕಲಸಿದೆ.