ಸೈಲೆನ್ಸರಿಗೆ ತುಂಬಿದ ಉಣ್ಣೆ

೧೯೯೮ನೆಯ ಇಸವಿ, ಏಪ್ರಿಲ್ ೧೨, ರವಿವಾರ. ಆಧಾರ: ನನ್ನ ಹೆಂಡತಿ ಹಳೆಯ ಟ್ರಂಕಿನ ತಳಕ್ಕೆ ಹಾಸಿದ್ದ ಗೋಡೆ ಕ್ಯಾಲೆಂಡರಿನ ಹಾಳೆ. ಆ ದಿನದ ಚೌಕದಲ್ಲಿ ಅವಳ ಅಕ್ಷರದಲ್ಲಿ ‘ತಮ್ಮ, ಘೋಡಗೇರಿ’ ಎಂದಿದೆ. ವಾರವನ್ನೂ ದಿನಾಂಕವನ್ನೂ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಸರಿಯಾಗಿವೆ. ಅಂದು ಘೋಡಗೇರಿಯ ಹೊರಗಿನ ಗರಸು ಮಣ್ಣಿನ ಬೀಳಿನಲ್ಲಿ ನಡೆದ ಮೋಟಾರ್‌ಸೈಕಲ್ ರೇಸಿನಲ್ಲಿ ಕುರಿಗಾರ ಮುದುಕನೊಬ್ಬನ ಹಣೆ ಒಡೆಯಿತು. ಒಡೆದವನು ನನ್ನ ಹೆಂಡತಿಯ ತಮ್ಮನೇ ಎಂದು ಹಲವರು ಹೇಳಿದರು. ಅಲ್ಲವೆಂದು ಹಿರಿಯರೆದುರು ಸಾಕ್ಷಿ ನುಡಿದವನು ನಾನು. ಆ ಸಾಕ್ಷ್ಯವನ್ನು ಮತ್ತೊಮ್ಮೆ ಪರಿಶೀಲಿಸಲು ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಅರಭಾವಿಯಲ್ಲಿ ಮಣ್ಣಿನ ಸಂಶೋಧನೆಯಲ್ಲಿದ್ದೆ. ಮೈದುನನ ಗ್ಯಾರೇಜು ಮೂಡಲಗಿಯಲ್ಲಿತ್ತು. ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದರ ದೀಪ, ಮಡ್‌ಗಾರ್ಡ್, ಸೀಟುಗಳನ್ನು ಕಿತ್ತೊಗೆದು, ಮಣ್ಣು ಕಚ್ಚುವ ಗುಬಟು ಟೈರು ಹಾಕಿ ಅವನು ರೇಸಿಗೆ ಸಿದ್ಧಪಡಿಸಿದ್ದ. ಅವನದು ಇರುವೆಯನ್ನೂ ತುಳಿಯದಂತೆ ನೋಡಿ ನಡೆಯುವ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ. ಆದರೆ ಗ್ಯಾರೇಜಿನಲ್ಲಿ ಅವನು ಬೇರೆಯೇ ಮನುಷ್ಯ. ಸೈಲೆನ್ಸರನ್ನು ಬಿಚ್ಚಿ ತುಂಬುವುದನ್ನು ನೋಡಿದರೆ ಕಸಾಯಿಯ ನೆನಪಾಗುತ್ತಿತ್ತು. ರಿವಿಟ್ಟುಗಳ ತಲೆಯನ್ನು ಡ್ರಿಲ್ಲಿನಿಂದ ಹಾರಿಸುತ್ತಿದ್ದ. ಹೊರಗಿನ ಚಿಪ್ಪನ್ನು ವೈಸಿನ ಇಕ್ಕುಳಕ್ಕೆ ಕಚ್ಚಿಸಿ, ಒಳಗಿನ ತೂತುತೂತಾದ ಕೊಳವೆಯನ್ನು ಸುತ್ತಿಗೆಯಿಂದ ಬಡಿದು ಹೊರಗೆ ತಳ್ಳುತ್ತಿದ್ದ. ಅದರ ಮೈಗೆ ಸುತ್ತಿದ ಗಾಜಿನ ಉಣ್ಣೆ ಎಣ್ಣೆ ಕುಡಿದು, ಮಸಿಗಟ್ಟಿ, ಕರುಳಿನಂತೆ ಎಳೆಯೆಳೆಯಾಗಿ ಬರುತ್ತಿತ್ತು. ಕೆರೆದು, ಹೊಸದನ್ನು ಸುತ್ತಿ, ತೆಳು ತಂತಿ ಬಿಗಿದು ಮತ್ತೆ ಒಳಗೆ ತುರುಕಬೇಕು. ಸಡಿಲಾದರೆ ಹೊಗೆಯ ಹೊಡೆತಕ್ಕೆ ಹಾರಿಹೋಗಿ ಗಾಡಿ ಖಾಲಿ ಡಬ್ಬಿಯಂತೆ ಅರಚುತ್ತದೆ. ಬಿಗಿಯಾದರೆ ಎಂಜಿನ್ನಿನ ಉಸಿರು ಕಟ್ಟುತ್ತದೆ.

ಅವನ ಬಳಿ ಎರಡು ಸೈಲೆನ್ಸರುಗಳಿದ್ದವು. ಕೊಲ್ಲಾಪುರದಿಂದ ತಂದ ಗಿಡ್ಡನೆಯ ಅಲ್ಯೂಮಿನಿಯಮ್ಮಿನದು ‘ಬಂದೂಕ’. ವೇಗಕ್ಕೆ ಒಳ್ಳೆಯದು, ಆದರೆ ಒಳಗೆ ಏನನ್ನೂ ತುಂಬಲು ಜಾಗವಿಲ್ಲ. ಅವನೇ ತಗಡು ಸುತ್ತಿ ವೆಲ್ಡಿಂಗ್ ಮಾಡಿದ ಉದ್ದನೆಯದು ‘ಮೂಕಿ’. ಅದು ಏರು ಹತ್ತುವಾಗ ಚೆನ್ನಾಗಿ ಎಳೆಯುತ್ತಿತ್ತು, ಸಪಾಟು ನೆಲದಲ್ಲಿ ಹಿಂದೆ ಬೀಳುತ್ತಿತ್ತು. ಅವನ ಮನಸ್ಸು ಬಂದೂಕದ ಮೇಲಿತ್ತು. ರೇಸಿನ ಹಿಂದಿನ ವಾರ ಆ ಮುದುಕ ಗ್ಯಾರೇಜಿಗೆ ಬಂದಾಗ ನಾನು ಅಲ್ಲಿಯೇ ಇದ್ದೆ. ಘೋಡಗೇರಿಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿಸುತ್ತಿದ್ದವನು. ಬೀಳಿನ ಬದಿಗೇ ಅವನ ಹಟ್ಟಿ.

“ಹಿಂದಿನ ಸಲ ಒದರಿದ ಗಾಡಿ ಇದs ಏನೋ ತಮ್ಮಾ?”

“ಎಲ್ಲಾವೂ ಒದರ್ಯಾವ್ರಿ ಕಾಕಾ. ನಮ್ಮದೊಂದs ಏನ್?”

“ಆ ಸಪ್ಪಳಕ್ಕ ನನ್ನ ಗಬ್ಬದ ಕುರಿ ಕಂದು ಹಾಕ್ಯಾವು. ಈ ಸಲ ಒದರಿದ್ರ ಗಾಡಿ ಮುರಿಯಂಗಿಲ್ಲ ನಾ, ಹತ್ತಿದವನ ಕಾಲ ಮುರೀತೇನಿ.”

ಮೈದುನ ಬಂದೂಕವನ್ನು ಕೆಳಗಿಟ್ಟು ಮೂಕಿಯನ್ನು ಎತ್ತಿಕೊಂಡ. “ಇದನ್ನ ಹಚ್ಚತೇನ್ರಿ. ಒಳಗ ಉಲ್ಲನ್ ತುಂಬಿದ್ರ ಬೆಕ್ಕಿನಗತೆ ಹೊಕ್ಕೇತಿ. ಬೆಳಗಾವ್ಯಾಗಿಂದ ಮಾಲ ಇನ್ನ ಬಂದಿಲ್ಲ, ಅದs ಚಿಂತಿ.”

“ಉಲ್ಲನ್ ಅಂದ್ರ?”

“ಉಣ್ಣಿರಿ. ಗಾಜಿನ ಉಣ್ಣಿ.”

ಮುದುಕ ನನ್ನ ಕಡೆ ತಿರುಗಿದ. “ಗಾಜಿನ ಮೈಯಾಗಿನ ಉಣ್ಣಿ ಯಾವಾಗ ಕತ್ತರಸ್ತಾರ್ರಿ ಸಾಹೇಬ್ರ? ದೀಪಾವಳಿಗೋ, ಯುಗಾದಿಗೋ?” ಎಂದ. ಆಮೇಲೆ ಮೈದುನನಿಗೆ, “ಉಣ್ಣಿ ಬೇಕಂದ್ರ ನನ್ನ ಕೇಳು. ಒಂದ ಚೀಲ ಕೊಡತೇನಿ,” ಎಂದ.

“ಕುರಿ ಉಣ್ಣಿ ಉರೀತೈತ್ರಿ ಕಾಕಾ.”

“ಬಣವಿಗೆ ಬೆಂಕಿ ಬಿದ್ರ ನಿಮ್ಮಪ್ಪ ಅದರ ಮ್ಯಾಲ ಏನ್ ಒಗೀತಿದ್ದ? ದೋತರಾನೋ, ಕಂಬಳೀನೋ?”

ನಮ್ಮ ಕಡೆ ಬೆಂಕಿ ಆರಿಸುವುದು ಕಂಬಳಿಯಿಂದಲೇ. ಬೆಳಗಾವಿಯ ಮಾಲು ಶನಿವಾರವಾದರೂ ಬರಲಿಲ್ಲ. ಮೈದುನ ಮುದುಕ ಕೊಟ್ಟ ಚೀಲ ಬಿಚ್ಚಿ, ಜಿಗುಟು ಬಿಡದ ಕರಿಯ ಉಣ್ಣೆಯನ್ನು ಕೊಳವೆಗೆ ಸುತ್ತಿ ರಿವಿಟ್ಟು ಹೊಡೆದ. ಗಾಡಿ ಚಾಲೂ ಮಾಡಿದಾಗ ನಿಜಕ್ಕೂ ಸದ್ದು ಇಳಿದಿತ್ತು.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಅದರ ಹಿಂದಿನ ಬೇಸಿಗೆಯಲ್ಲಿ ಬದುವಿನ ಜಗಳಕ್ಕೆ ಯಾರೋ ಆ ಕುರಿಗಾರರ ಹಟ್ಟಿಗೆ ಬೆಂಕಿಯಿಟ್ಟಿದ್ದರು. ಮರಿಗಳು ಕೂಡಿಹಾಕಿದ ಬಲೆಯೊಳಗೇ ಸುಟ್ಟುಹೋಗಿದ್ದವು. ಅಂದಿನಿಂದ ಅವರು ಕೊಡಲಿಯನ್ನು ತಲೆದಿಂಬಿಗಿಟ್ಟುಕೊಂಡೇ ಮಲಗುತ್ತಿದ್ದರು.

ರೇಸಿನಲ್ಲಿ ಹುಕ್ಕೇರಿ ಕಡೆಯ ಸವಾರರೇ ಹೆಚ್ಚು. ಮೊದಲ ತಿರುವಿನಲ್ಲಿಯೇ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬನ ಮೊಣಕಾಲಿನ ಚರ್ಮ ಸುಲಿದು ಬಿಳಿಯದು ಕಾಣುತ್ತಿತ್ತು. ಮೈದುನ ಅವರ ನಡುವಿನಿಂದಲೇ ನುಗ್ಗಿದ. ಏರಿನಲ್ಲಿ ಅವನೇ ಮುಂದೆ. ಆಮೇಲೆ ಮೂಕಿಯ ಬಾಯಿಯಿಂದ ಹಳದಿ ಹೊಗೆ ಬರತೊಡಗಿತು. ಉಣ್ಣೆ ಭಗ್ಗನೆ ಹೊತ್ತಿಕೊಳ್ಳಲಿಲ್ಲ. ಎಂಜಿನ್ ಎಣ್ಣೆ ಕುಡಿದು ಒಳಗೊಳಗೇ ಕಮರಿತು. ಕೂದಲು ಸುಟ್ಟ ನಾತ ಗಾಳಿಯೊಡನೆ ನೇರವಾಗಿ ಹಟ್ಟಿಯ ಕಡೆಗೆ ಹೋಯಿತು.

ಮೈದುನ ಗಾಡಿಯನ್ನು ಕೆಡವಿ, ಬೋಲ್ಟು ಸಡಿಲಿಸಿ, ಬಲಗೈಗೆ ವೆಲ್ಡಿಂಗಿನ ತೊಗಲು ಗವಸು ಹಾಕಿಕೊಂಡು, ಎಡಗೈಗೆ ಗೋಣಿತಟ್ಟು ಸುತ್ತಿಕೊಂಡು ಸೈಲೆನ್ಸರನ್ನು ಕಿತ್ತ. ಎರಡೂ ಅಂಗೈ ಸುಟ್ಟವು. ಅಷ್ಟರಲ್ಲಿ ನಾಯಿಗಳು ಬಂದವು, ಹಿಂದೆಯೇ ಬಡಿಗೆ ಹಿಡಿದವರು. ಸುಟ್ಟ ಉಣ್ಣೆಯ ವಾಸನೆಗೆ ಅವರಿಗೆ ಗೊತ್ತಿದ್ದ ಅರ್ಥ ಒಂದೇ. ಯಾರೂ ಏನನ್ನೂ ಕೇಳಲಿಲ್ಲ. ಸಿಕ್ಕ ಸವಾರನನ್ನೆಲ್ಲ ಬಡಿದರು. ಹೆಲ್ಮೆಟ್ಟಿನ ಮೇಲೆ ಬಡಿಗೆ ಬೀಳುವ ಸದ್ದು ತೆಂಗಿನಕಾಯಿ ಒಡೆದಂತಿತ್ತು. ಒಬ್ಬ ಹಲ್ಲು ಉಗುಳುತ್ತ ಓಡಿದ. ಎಲ್ಲರಿಗಿಂತ ಮುಂದೆ ಆ ಮುದುಕ. ಅವನ ಮೊದಲ ಹೊಡೆತ ಮೈದುನನ ಗವಸು ತೊಟ್ಟ ಬಲಗೈಗೆ ಬಿದ್ದು ಸೈಲೆನ್ಸರ್ ಕೆಳಗುರುಳಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಮೇಲೆ ದೂಳು, ಕಲ್ಲು, ಕೈಕಾಲು. ದೂಳು ಇಳಿದಾಗ ಮುದುಕ ಅಂಗಾತ ಬಿದ್ದಿದ್ದ. ಹಣೆಯ ಮೇಲೆ ಅರ್ಧಚಂದ್ರಾಕಾರದ ಗಾಯ. ಅದರ ಅಂಚು ಕಪ್ಪಾಗಿತ್ತು. ಕಲ್ಲಿನ ಮೇಲೆ ಬಿದ್ದ ಗಾಯ, ಆ ಕಪ್ಪು ಮಣ್ಣಿನ ಕೊಳೆ ಎಂದು ತಿಳಿದೆ.

ಇಬ್ಬರನ್ನೂ ಒಂದೇ ಜೀಪಿನಲ್ಲಿ ಗೋಕಾಕದ ದವಾಖಾನೆಗೆ ಒಯ್ದೆವು. ಮುದುಕನ ತಲೆಯ ಪಟಕ ರಕ್ತ ಕುಡಿದು ತೂಕವಾಗಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: “ನನ್ನ ಉಣ್ಣಿ ಅಲ್ಲೇನೋ ಅದು?”

“ಹೌದ್ರಿ ಕಾಕಾ.”

“ಉರಿಯಂಗಿಲ್ಲಂತ ಹೇಳಿದ್ನಲ್ಲ.”

“ಉರೀಲಿಲ್ರಿ. ನಾತ ಬಂತು, ಅಷ್ಟs.”

ನಾನು ಮುದುಕನ ಜೊತೆ ಹೊಲಿಗೆ ಹಾಕುವಲ್ಲಿ ನಿಂತೆ. ಮೈದುನ ಹೊರಬಂದಾಗ ಎರಡೂ ಕೈಗೆ ಮೊಣಕೈವರೆಗೆ ಬಿಳಿಯ ಪಟ್ಟಿ ಸುತ್ತಿತ್ತು. ಒಂದು ಕೈಯ ಎಲುಬು ಮುರಿದಿದೆಯೆಂದರು; ಯಾವ ಕೈಯದೆಂದು ನಾನು ಕೇಳಲಿಲ್ಲ. ಹೊಡೆತವನ್ನು ನಾನೇ ನೋಡಿದ್ದೆನಲ್ಲ. ಅದೇ ಸಂಜೆ ಅವನನ್ನು ನಿಪ್ಪಾಣಿಯ ನೆಂಟರ ಮನೆಗೆ ಸಾಗಿಸಿದರು. ಹೊಡೆದವನು ಅವನೇ ಎಂದು ಸಾಬೀತಾದರೆ ಉಳಿದ ಕೈಯನ್ನೂ ಮುರಿಯುತ್ತೇವೆಂದು ಮುದುಕನ ಮಕ್ಕಳು ಆಣೆಯಿಟ್ಟಿದ್ದರು.

ಘೋಡಗೇರಿಯಲ್ಲಿ ಹಿರಿಯರು ಕೂಡಿದರು. ನಾನು ಕಂಡದ್ದನ್ನು ಹೇಳಿದೆ: ಮೊದಲ ಹೊಡೆತಕ್ಕೇ ಬಲಗೈ ಮುರಿದಿತ್ತು, ಮುರಿದ ಕೈ ಕಬ್ಬಿಣದ ಕೊಳವೆಯನ್ನು ಎತ್ತಿ ಬೀಸುವುದಿಲ್ಲ. ಎಲ್ಲರೂ ಮುದುಕನ ಕಡೆ ನೋಡಿದರು. ತಲೆಗೆ ಪಟ್ಟಿ ಸುತ್ತಿಕೊಂಡು ಕುಳಿತಿದ್ದ ಅವನು ಹೇಳಿದ: “ಬಡಿಗಿ ನಂದು, ಉಣ್ಣಿ ನಂದು. ಒಡದ ತಲಿ ಒಂದ ಯಾಕ ಇನ್ನೊಬ್ಬರ ಹೆಸರಿಗೆ? ನಾನs ಬಿದ್ದೇನಿ.” ಜಗಳ ಅಲ್ಲಿಗೆ ನಿಂತಿತು. ಮೈದುನ ನಿಪ್ಪಾಣಿಯಿಂದ ಬಂದ ಮೇಲೆ ಗಾಡಿಯನ್ನು ಮಾರಿದ. ಎಕ್ಸಿಲರೇಟರ್ ಹಿಡಿಯುವ ಬಲಗೈ ಹೋಯಿತೆಂದು ಮನೆಯವರೆಲ್ಲ ಹೇಳುತ್ತ ಬಂದೆವು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮುದುಕ ತೀರಿಕೊಂಡಾಗ ಮಣ್ಣಿಗೆ ಹೋಗಿ, ಸಂಜೆಯವರೆಗೂ ಅಲ್ಲಿಯೇ ಕುಳಿತು ಬಂದ. ಅಂದು ಊಟ ಮಾಡಲಿಲ್ಲ.

ಆ ಕ್ಯಾಲೆಂಡರಿನ ಹಾಳೆಯ ಅಡಿಯಲ್ಲಿ ಇನ್ನೊಂದು ದಾಖಲೆ ಸಿಕ್ಕಿದೆ. ಮಕ್ಕಳು ಗ್ರಹಣ ನೋಡಲು ಬಳಸಿ ಗೀರು ಬಿದ್ದ ಎಕ್ಸರೇ ಹಾಳೆ. ಮೈದುನನ ಹೆಸರು, ಅದೇ ದಿನಾಂಕ. ಅಂಗೈಯ ಎಲುಬುಗಳಲ್ಲಿ ಮುರಿತ ಸ್ಪಷ್ಟವಾಗಿದೆ. ಮೂಲೆಯಲ್ಲಿರುವ ‘L’ ಗುರುತು ಎಡಗೈಯದು. ಹಾಳೆ ತಿರುವಿ ಹಿಡಿದಿರಬಹುದೆಂದು ನೋಡಿದೆ; ಹಾಗೆ ಹಿಡಿದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತದೆ. ಬಾತುಹೋಗಿ ತೆಗೆಯಲಾಗದ ಉಂಗುರದ ನೆರಳೂ ಇದೆ. ಎಕ್ಸಿಲರೇಟರ್ ಹಿಡಿಯುವಾಗ ಒತ್ತುತ್ತದೆಂದು ಅವನು ಉಂಗುರವನ್ನು ಎಡಗೈಗೇ ಹಾಕುತ್ತಿದ್ದ. ಹೆಂಡತಿಯನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಗರಸು ನೆಲದಲ್ಲಿ ಕಪ್ಪು ಮಣ್ಣಿಲ್ಲ; ಮುದುಕನ ಹಣೆಯ ಅರ್ಧಚಂದ್ರದ ಕಪ್ಪು ಮೂಕಿಯ ಬಾಯಿಯ ಮಸಿ. ಬಿಸಿ ಕೊಳವೆಯನ್ನು ಎತ್ತಬಲ್ಲ ಗವಸು ಇದ್ದದ್ದು ಬಲಗೈಗೆ. ಆ ಕೈ ಮುರಿದಿರಲಿಲ್ಲ.